ಅಳತೆಗೆ ನಿಂತವನು

ಮನೆ, ಮಹಡಿಯ ಮೇಲಿನ ಕೋಣೆ
ಭಾನುವಾರ, ಮಾರ್ಚ್ ೯

ಪ್ರೀತಿಯ ಪುಟ್ಟಾ,

ನಿನಗೂ ಸೊಸೆಗೂ ಅಪ್ಪನ ಆಶೀರ್ವಾದ. ಇಬ್ಬರೂ ಆರೋಗ್ಯವಾಗಿದ್ದೀರಿ ತಾನೇ? ಅಲ್ಲಿ ಹಲ್ಲು ಕಟಕಟಿಸುವಷ್ಟು ಚಳಿ ಎಂದು ಸೊಸೆ ಫೋನಿನಲ್ಲಿ ಹೇಳಿದಾಗಿನಿಂದ ನಿನ್ನ ಅಮ್ಮನಿಗೆ ಇಲ್ಲಿ ಸಮಾಧಾನವಿಲ್ಲ. ನೀನು ಕಿವಿ ಮುಚ್ಚುವ ಟೋಪಿ ಹಾಕುವವನಲ್ಲ ಎಂಬುದು ಅವಳ ಹಳೆಯ ದೂರು. ಹಾಕಿಕೋ ಮಾರಾಯ, ಪ್ರಶಸ್ತಿ ಬಂದವರ ಕಿವಿಗೂ ಚಳಿ ಹೊಡೆಯುತ್ತದೆ. ನಾವು ಚೆನ್ನಾಗಿದ್ದೇವೆ. ಅಮ್ಮನ ರಕ್ತದೊತ್ತಡ ಹತೋಟಿಯಲ್ಲಿದೆ, ಬಾಯಿ ಮಾತ್ರ ಎಂದಿನಂತೆ ಹತೋಟಿಯಲ್ಲಿಲ್ಲ. ನನ್ನ ಮಂಡಿ ಸ್ವಲ್ಪ ಹಟ ಮಾಡುತ್ತಿದೆ. ಅದರ ವಿಷಯ ಮುಂದೆ ಬರುತ್ತದೆ.

ದಿನವೂ ಫೋನ್ ಮಾಡುವ ಮಗನಿಗೆ ಕಾಗದ ಬರೆಯಲು ಕೂತಿದ್ದಾನಲ್ಲ ಈ ಮುದುಕ ಎಂದು ನಗಬೇಡ. ಫೋನಿನಲ್ಲಿ ನೀನು "ಹೇಳಪ್ಪಾ" ಅನ್ನುತ್ತೀಯ, ಅಷ್ಟರಲ್ಲಿ ಯಾರೋ ನಿನ್ನನ್ನು ಕರೆಯುತ್ತಾರೆ, "ಆಮೇಲೆ ಮಾಡ್ತೀನಿ" ಅಂದು ಇಟ್ಟುಬಿಡುತ್ತೀಯ. ಇತ್ತ ಕಡೆ ನಿನ್ನ ಅಮ್ಮ ನನ್ನ ಪಕ್ಕದಲ್ಲೇ ಕಿವಿ ನಿಮಿರಿಸಿಕೊಂಡು ಕೂತಿರುತ್ತಾಳೆ. ಹೇಳಬೇಕಾದ್ದು ಹಾಗೇ ಉಳಿದುಬಿಡುತ್ತದೆ. ಅಲ್ಲಿ ನಡೆಯುವ ನಿಮ್ಮ ಪ್ರದರ್ಶನಕ್ಕೆ ಬೇಕಾದ ಕಟ್ಟಡದ ಮಾದರಿಗಳನ್ನು ಪೆಟ್ಟಿಗೆಯಲ್ಲಿಟ್ಟು ನಾಳೆ ಕಳಿಸುತ್ತೇನೆಂದು ನಿಮ್ಮ ಸ್ಟುಡಿಯೋದ ಕನ್ನಡಕದ ಹುಡುಗಿ ಹೇಳಿದಳು. ಅದರೊಳಗೆ ನನ್ನದೂ ಒಂದು ಲಕೋಟೆ ಇಡಮ್ಮಾ ಎಂದೆ. ನೀವು ಕಟ್ಟಿದ ವಾಚನಾಲಯದ ಮಾದರಿಯೊಳಗೆ ಅವಳು ಬೆರಳುದ್ದದ ಮುದುಕನೊಬ್ಬನನ್ನು ರಟ್ಟಿನಲ್ಲಿ ಕತ್ತರಿಸಿ ಕೂರಿಸಿದ್ದಾಳೆ. ಕೋಟು ನೋಡಿದರೆ ನಾನೇ. ಮೂಗು ಮಾತ್ರ ನನ್ನದಕ್ಕಿಂತ ಚೆನ್ನಾಗಿ ಬಂದಿದೆ.

ಫೋಟೋಗೆ ನಿಲ್ಲುವ ಈ ಕೆಲಸ ನೀನು ನನಗೆ ಮೊದಲು ಹಚ್ಚಿದ್ದು ನೆನಪಿದೆಯಾ? "ಅಪ್ಪಾ, ಪಕ್ಕದಲ್ಲಿ ಮನುಷ್ಯ ಇಲ್ಲದಿದ್ರೆ ಬಾಗಿಲು ಆಳುದ್ದ ಇದೆಯೋ ಆನೆಯುದ್ದ ಇದೆಯೋ ಫೋಟೋ ನೋಡೋರಿಗೆ ಗೊತ್ತಾಗಲ್ಲ, ನೀನು ಅಳತೆಗೆ ನಿಂತ್ಕೋ" ಅಂದಿದ್ದೆ. ನಿಲ್ಲುವುದು ನನಗೇನು ಹೊಸದೇ! ಓಡುವ ಬಸ್ಸಿನಲ್ಲಿ ಕಂಬಿ ಹಿಡಿಯದೆ ನಿಂತು ಚಿಲ್ಲರೆ ಕೊಟ್ಟವನು ನಾನು. ಅಲ್ಲಾಡದ ನೆಲದ ಮೇಲೆ ಸುಮ್ಮನೆ ನಿಲ್ಲುವುದಕ್ಕೆ ಕರೆದಾಗ ನನಗೆ ನಿವೃತ್ತಿಯ ಮೇಲೆ ಬಡ್ತಿ ಸಿಕ್ಕಂತಾಯಿತು. ನೀವು ಕಟ್ಟಿದ ಬಸ್ ತಂಗುದಾಣದಲ್ಲಿ ಅಮ್ಮನ ಶಾಲು ಹೊದ್ದು ಬೆನ್ನು ತೋರಿಸಿ ನಿಂತೆ. ಚಿಕಿತ್ಸಾಲಯದ ಕಾಯುವ ಕೋಣೆಯಲ್ಲಿ ನಿಮ್ಮ ಫೋಟೋಗ್ರಾಫರ್ "ನಡೀರಿ, ನಡೀರಿ, ಮುಖ ಬೇಡ" ಎಂದು ಅತ್ತಿಂದಿತ್ತ ಓಡಾಡಿಸಿದ. ಫೋಟೋ ನೋಡಿದರೆ ನಾನು ಬರೀ ಹೊಗೆ. ವಾಚನಾಲಯದಲ್ಲಿ ಮಾತ್ರ ಕಿಟಕಿಯ ಪಕ್ಕದ ಬೆಂಚಿನ ಮೇಲೆ ಕೂರಿಸಿ ಅರ್ಧ ಮುಖ ಹಿಡಿದ. ಅದಿನ್ನೂ ಬಾಗಿಲು ತೆರೆದಿರಲಿಲ್ಲ, ಕಪಾಟಿನ ಪುಸ್ತಕಗಳು ಕೂಡ ಎರವಲು ತಂದವು. ಕಸದ ಬುಟ್ಟಿ, ಸೂಚನಾ ಫಲಕ, ಕೊಡೆ ಇಡುವ ಸ್ಟ್ಯಾಂಡು ಎಲ್ಲವನ್ನೂ ಹೊರಗೆ ಹೊತ್ತು ಹಾಕಿ, ನನ್ನನ್ನೊಬ್ಬನನ್ನು ಒಳಗೆ ಇಟ್ಟಿರಿ. ಬ್ರೆಡ್ ಮಾಡುವ ವಿಧಾನಗಳ ಪುಸ್ತಕವೊಂದನ್ನು ಸೊಸೆ ತಂದು ಕೈಗೆ ಕೊಟ್ಟಳು. ಇದ್ಯಾಕಮ್ಮಾ ಎಂದರೆ, ರಟ್ಟಿನ ಬಣ್ಣ ಗೋಡೆಗೆ ಹೊಂದುತ್ತದೆ ಎಂದಳು. ಆ ದಿನ ಮನೆಗೆ ಬಂದು ಅಮ್ಮನ ಮುಂದೆ ನಾನು ಎಷ್ಟು ಜಂಬ ಕೊಚ್ಚಿಕೊಂಡೆ ಎಂದು ನಿನಗೆ ಗೊತ್ತಿಲ್ಲ.

ಪ್ರಶಸ್ತಿಯ ಸಂಜೆ ಇಲ್ಲಿ ಹೇಗಿತ್ತು ಎಂದು ನೀನು ಕೇಳಲಿಲ್ಲ, ನಾವೂ ಹೇಳಲಿಲ್ಲ. ಈಗ ಹೇಳುತ್ತೇನೆ. ಕೆಳಗೆ ಸ್ಟುಡಿಯೋದಲ್ಲಿ ನಕ್ಷೆಯ ಮೇಜುಗಳನ್ನೆಲ್ಲ ಗೋಡೆಗೆ ಸರಿಸಿ, ದೊಡ್ಡ ಪರದೆಯ ಮೇಲೆ ನಿಮ್ಮ ಸಮಾರಂಭ ನೇರವಾಗಿ ಬರುವ ಹಾಗೆ ಮಾಡಿದ್ದರು. ಅಮ್ಮ ಮನೆಯ ಕುರ್ಚಿಗಳನ್ನೆಲ್ಲ ಕೆಳಗಿಳಿಸಿದಳು. ಸಾಲದೆ ಔಷಧಿ ಅಂಗಡಿಯ ಕುರ್ಚಿಗಳು ಬಂದವು, ಕುರ್ಚಿಗಳ ಹಿಂದೆ ಅಂಗಡಿಯವರೂ ಬಂದರು. ನನ್ನ ಜೊತೆ ಅಷ್ಟು ವರ್ಷ ಬಸ್ ಓಡಿಸಿದನಲ್ಲ ನಮ್ಮ ಡ್ರೈವರ್, ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು ಮುಂದಿನ ಸಾಲಿನಲ್ಲೇ ಕೂತ. ಅವನಿಗೆ ಮುಂದಿನ ಸೀಟು ಅಭ್ಯಾಸ. ಅಲ್ಲಿನವರ ಭಾಷೆ ನಮಗೆ ಬಾರದ್ದರಿಂದ ಕನ್ನಡಕದ ಹುಡುಗಿ ಪಕ್ಕದಲ್ಲಿ ನಿಂತು ಒಂದೊಂದೇ ಮಾತನ್ನು ನಮಗೆ ತಿಳಿಸಿ ಹೇಳುತ್ತಿದ್ದಳು. ನಿಮ್ಮ ಮೂರೂ ಕೆಲಸಗಳಿಗೆ ಮನ್ನಣೆ, ಅದರಲ್ಲಿ ವಾಚನಾಲಯಕ್ಕೆ ಎಲ್ಲಕ್ಕಿಂತ ದೊಡ್ಡದು ಎಂದಾಗ ಅಮ್ಮ ಕುರ್ಚಿಯಿಂದ ಎದ್ದೇಬಿಟ್ಟಳು. ನಿಮ್ಮ ಫೋಟೋಗಳು ಒಂದೊಂದಾಗಿ ಗೋಡೆಯಗಲ ಬಂದವು. ತಂಗುದಾಣ ಬಂದಾಗ ಡ್ರೈವರ್ "ಕನ್ನಡಿಯಲ್ಲಿ ಇವನ ಬೆನ್ನು ನೋಡ್ಕೊಂಡೇ ನನ್ನ ಸರ್ವಿಸ್ ಮುಗೀತು, ನನಗೆ ಗೊತ್ತಾಗಲ್ವಾ" ಎಂದು ಕೂಗಿದ. ಎಲ್ಲರೂ ನಕ್ಕರು. ನಾನು ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿದ್ದೆ. ಅದನ್ನು ನೆನೆಸಿಕೊಂಡರೆ ಈಗ ಮೈ ಹಿಡಿಯಾಗುತ್ತದೆ.

ಆಮೇಲೆ ಆ ಬೆಳ್ಳಿಕೂದಲಿನ ತೀರ್ಪುಗಾರ್ತಿ ಮೈಕಿನ ಹತ್ತಿರ ಬಂದರು. ಕಿಟಕಿಯ ಬಳಿ ಓದುತ್ತಾ ಕೂತ ಈ ಹಿರಿಯರನ್ನು ನೋಡಿಯೇ ನಮ್ಮ ಮನಸ್ಸು ಕರಗಿತು, ಯಾರಿವರು ಎಂದು ನಿನ್ನನ್ನು ಕೇಳಿದರು. ಹುಡುಗಿ ಅಷ್ಟನ್ನು ನಮಗೆ ಹೇಳಿದಳು. ಔಷಧಿ ಅಂಗಡಿಯವರು ನನ್ನ ಭುಜ ತಟ್ಟಿದರು. ಪರದೆಯ ಮೇಲೆ ನೀನು ಏನೋ ಉತ್ತರ ಕೊಟ್ಟೆ, ಅಲ್ಲಿನವರು ಜೋರಾಗಿ ಚಪ್ಪಾಳೆ ಹೊಡೆದರು. ಇಲ್ಲಿ ಹುಡುಗಿ "ಸರಿಯಾಗಿ ಕೇಳಿಸ್ಲಿಲ್ಲ" ಎಂದಳು. ಅಮ್ಮ ಬಿಡಬೇಕಲ್ಲ, "ಕೇಳಿಸಿದಷ್ಟು ಹೇಳು" ಎಂದು ಪಟ್ಟು ಹಿಡಿದಳು. ಆ ಮಗು ನೆಲ ನೋಡುತ್ತಾ ಹೇಳಿತು. ಆ ಹಿರಿಯರು ಯಾರೋ ತನಗೆ ಗೊತ್ತಿಲ್ಲ, ಹೆಸರು ಕೂಡ ಕೇಳಿಲ್ಲ, ದಿನಾ ಬಂದು ಅಲ್ಲೇ ಕೂರುತ್ತಾರಂತೆ, ಅಂಥವರಿಗಾಗಿಯೇ ಈ ಕಟ್ಟಡ ಕಟ್ಟಿದ್ದು. ಇದು ನಿನ್ನ ಮಾತು. ನಿನ್ನ ಪಕ್ಕದಲ್ಲಿ ಸೊಸೆ ತಲೆ ತಗ್ಗಿಸಿ ತನ್ನ ಚಪ್ಪಲಿಯನ್ನೇ ನೋಡುತ್ತಿದ್ದಳು. ಅದಕ್ಕೆ ಯಾರೂ ಅರ್ಥ ಹೇಳಬೇಕಾಗಿರಲಿಲ್ಲ.

ಎಲ್ಲರಿಗಿಂತ ಮೊದಲು ನಕ್ಕವನು ನಾನು. ಗಟ್ಟಿಯಾಗಿ ನಕ್ಕೆ. "ಸ್ಟೇಜ್ ಮೇಲೆ ಹಾಗೇ ಹೇಳ್ಬೇಕು, ಇಲ್ಲಾಂದ್ರೆ ಮನೆಯವರನ್ನೇ ಕೂರಿಸಿ ಫೋಟೋ ತೆಗೆಸಿದ್ದಾರೆ ಅಂತಾರೆ" ಎಂದು ನಾನೇ ನಿನ್ನ ಪರ ವಕೀಲಿಕೆ ಮಾಡಿದೆ. ಡ್ರೈವರ್ "ಹೌದೌದು" ಎಂದ. ಆದರೆ ಅವನು ನನ್ನ ಮುಖ ನೋಡಲಿಲ್ಲ, ಕಪ್ಪಿನಲ್ಲಿ ಟೀ ಹಾಗೇ ಇರುವಾಗ ಎದ್ದು ಹೊರಟುಹೋದ. ಅವನು ಟೀ ಬಿಟ್ಟು ಎದ್ದದ್ದನ್ನು ನಾನು ಈ ಜನ್ಮದಲ್ಲಿ ಕಂಡಿಲ್ಲ. ಅಮ್ಮ ಕುರ್ಚಿಗಳನ್ನು ಎತ್ತಿಡತೊಡಗಿದಳು. ನಾಚಿಕೆಯಿಂದ ನಾನು ನೆಲಕ್ಕಿಳಿದು ಹೋದೆ ಪುಟ್ಟಾ. ನೀನು ಹೇಳಿದ್ದಕ್ಕಿಂತ ಹೆಚ್ಚಾಗಿ, ಅಷ್ಟು ಜನರನ್ನು ಕರೆದು ಕೂರಿಸಿಕೊಂಡು ಕಾಲ ಮೇಲೆ ಕಾಲು ಹಾಕಿದ್ದೆನಲ್ಲ, ಅದಕ್ಕೆ. ಬಡಾಯಿ ಕೊಚ್ಚದೆ ಒಬ್ಬನೇ ಕೂತು ನೋಡಿದ್ದರೆ ಆ ಮಾತು ನನ್ನೊಬ್ಬನದೇ ಆಗಿರುತ್ತಿತ್ತು, ಹೇಗೋ ನುಂಗಿಕೊಳ್ಳುತ್ತಿದ್ದೆ.

ನಿನ್ನ ಕಷ್ಟ ನನಗೆ ಅರ್ಥವಾಗದೆ ಇಲ್ಲ. ಅಷ್ಟು ದೀಪಗಳ ಮುಂದೆ, ಅಷ್ಟು ದೊಡ್ಡವರು ಅಷ್ಟು ನಂಬಿ ಕೇಳಿದಾಗ, ಇವರು ನಮ್ಮಪ್ಪ, ವಾಚನಾಲಯ ಇನ್ನೂ ಶುರುವಾಗಿರಲಿಲ್ಲ, ಪುಸ್ತಕ ಗೋಡೆಯ ಬಣ್ಣಕ್ಕೆ ಹೊಂದಿಸಿದ್ದು ಎನ್ನಲು ನಾಲಿಗೆ ಏಳುವುದಿಲ್ಲ. ಮನ್ನಣೆ ಕೊಟ್ಟವರೇ ಮೂಗು ಮುರಿದರೆ ಎಂಬ ಭಯ ಇದ್ದೇ ಇರುತ್ತದೆ. ಟಿಕೆಟ್ ತೆಗೆದುಕೊಳ್ಳದೆ ಕೂತವನು ಬೇಕೆಂದೇ ಕೂತಿರುವುದಿಲ್ಲ ಎಷ್ಟೋ ಸಲ. ಜನರ ಮಧ್ಯೆ ಸಿಕ್ಕಿಕೊಂಡಿರುತ್ತಾನೆ, ಆಮೇಲೆ ಕೇಳಲು ಸಂಕೋಚ, ಆಮೇಲೆ ಅವನ ಸ್ಟಾಪೇ ಬಂದಿರುತ್ತದೆ. ಅಂಥವರನ್ನು ನಾನು ಬೈದದ್ದು ಕಡಿಮೆ. ನಿನ್ನನ್ನು ಬೈಯಲಿಕ್ಕೂ ಈ ಕಾಗದ ಬರೆಯುತ್ತಿಲ್ಲ. ಬೈಯುವ ಕೆಲಸ ಅಮ್ಮನಿಗೆ ವಹಿಸಿದ್ದೇನೆ, ಅವಳು ತಯಾರಿ ನಡೆಸಿದ್ದಾಳೆ.

ಆ ಮಾರನೆಯ ಬೆಳಿಗ್ಗೆ ನಾನು ಅದೇ ಬೂದು ಕೋಟು ಹಾಕಿಕೊಂಡು ವಾಚನಾಲಯಕ್ಕೆ ಹೊರಟೆ. ಎಲ್ಲಿಗೆ ಎಂದಳು ಅಮ್ಮ. ಮಗ ದಿನಾ ಬರ್ತಾರೆ ಅಂದಿದ್ದಾನಲ್ಲ, ಅವನ ಮಾತು ಸುಳ್ಳಾಗಬಾರದಲ್ಲ ಎಂದೆ. "ನಿಮಗೆ ಬುದ್ಧಿ ಎಲ್ಲಿದೆ" ಎಂದು ಕೇಳಿದಳೇ ಹೊರತು ತಡೆಯಲಿಲ್ಲ, ಕೊಡೆ ತಂದು ಕೊಟ್ಟಳು. ಅಂದಿನಿಂದ ಕಳೆದ ವಾರದವರೆಗೆ ಒಂದು ದಿನವೂ ತಪ್ಪಿಸಲಿಲ್ಲ. ಮೊದಲ ದಿನ ಅಲ್ಲಿನ ಮೇಲ್ವಿಚಾರಕಿ, ಗುಂಗುರು ಕೂದಲಿನ ಆಕೆ, ನನ್ನನ್ನು ನೋಡಿ "ಇವತ್ತೂ ಫೋಟೋ ಇದೆಯಾ?" ಎಂದು ಕೇಳಿದರು. ಇಲ್ಲಮ್ಮಾ, ಓದಲಿಕ್ಕೆ ಬಂದೆ ಎಂದೆ. ಏನು ಓದುತ್ತೀರಿ ಎಂದರೆ ನನಗೆ ಹೊಳೆದದ್ದು ಒಂದೇ ಪುಸ್ತಕ, ಎರವಲು ತಂದವುಗಳಲ್ಲಿ ಅದೊಂದು ಅಲ್ಲೇ ಕಪಾಟಿನಲ್ಲಿ ಉಳಿದಿತ್ತು. ಹೀಗೆ ನಾನು ಬ್ರೆಡ್ ಮಾಡುವ ವಿಧಾನಗಳನ್ನು ಮೊದಲ ಪುಟದಿಂದ ಓದತೊಡಗಿದೆ. ಹಿಟ್ಟು ನಾದಿದ ಮೇಲೆ ಎಷ್ಟು ಹೊತ್ತು ಸುಮ್ಮನೆ ಬಿಡಬೇಕು ಎಂಬುದರ ಮೇಲೆ ಈಗ ನಾನು ಭಾಷಣ ಮಾಡಬಲ್ಲೆ. ಮನೆಯಲ್ಲಿ ಮಾಡಿದೆ ಕೂಡ. ಅಮ್ಮ ಲಟ್ಟಣಿಗೆ ನನ್ನ ಕೈಗೇ ಕೊಟ್ಟು ಅಡುಗೆಮನೆಯಿಂದ ಹೊರಗೆ ಹೋದಳು.

ಒಂದು ಮಾತು ಹೇಳಲೇಬೇಕು, ಇದನ್ನು ನಿನ್ನ ಅಪ್ಪನೆಂದು ಹೇಳುತ್ತಿಲ್ಲ, ಅಲ್ಲಿ ಕೂತವನೆಂದು ಹೇಳುತ್ತಿದ್ದೇನೆ. ನೀನು ಒಳ್ಳೆಯದನ್ನು ಕಟ್ಟಿದ್ದೀಯ. ಬೆಳಗಿನ ಬಿಸಿಲು ಆ ಉದ್ದ ಕಿಟಕಿಯಿಂದ ಇಳಿದು ಮೊದಲು ಪಾದದ ಮೇಲೆ ಬರುತ್ತದೆ, ಆಮೇಲೆ ಮಂಡಿಗೆ ಏರುತ್ತದೆ, ನನ್ನ ಮಂಡಿಗೆ ಯಾವ ಎಣ್ಣೆಯೂ ಅಷ್ಟು ಹಿತ ಕೊಟ್ಟಿಲ್ಲ. ಹೊರಗೆ ಬಸ್ಸು ಲಾರಿ ಓಡಾಡುತ್ತಿದ್ದರೂ ಒಳಗೆ ಸದ್ದು ಬರುವುದಿಲ್ಲ, ಕಂಪನ ಮಾತ್ರ ಅಂಗಾಲಿಗೆ ತಿಳಿಯುತ್ತದೆ. ಯಾವ ನಂಬರಿನ ಬಸ್ಸು ಎಂದು ಅದರಲ್ಲೇ ಹೇಳಬಲ್ಲೆ, ಆದರೆ ಕೇಳುವವರು ಯಾರೂ ಇಲ್ಲ. ಜನ ಬರುತ್ತಾರೆ ಪುಟ್ಟಾ, ನಿಜವಾಗಿ ಬರುತ್ತಾರೆ. ಲೈಸೆನ್ಸ್ ಪರೀಕ್ಷೆಗೆ ಓದುವ ಪೇಂಟರ್ ಒಬ್ಬ ಬರುತ್ತಾನೆ, ಬಟ್ಟೆ ಹೊಲಿಯುವಾಕೆ ಮಗುವನ್ನು ಶಾಲೆಗೆ ಬಿಟ್ಟು ಅಲ್ಲೇ ಕಾಯುತ್ತಾಳೆ. ಕಣ್ಣು ಮಂಜಾದ ಒಬ್ಬ ಅಜ್ಜಿ ಪತ್ರಿಕೆಯನ್ನು ಮುಖಕ್ಕೆ ಅಂಟಿಸಿಕೊಂಡು ಓದುತ್ತಾರೆ. ಬೆಂಚಿಗೆ ಆಸರೆಗೆ ಕೈ ಇಲ್ಲದ್ದರಿಂದ ಏಳುವಾಗ ಆ ಅಜ್ಜಿ ನನ್ನ ತೋಳು ಹಿಡಿಯುತ್ತಾರೆ, ನಾನು ಅವರ ತೋಳು ಹಿಡಿಯುತ್ತೇನೆ, ಇಬ್ಬರೂ ಒಟ್ಟಿಗೆ ಎದ್ದರೆ ಎದ್ದಂತೆ, ಇಲ್ಲವಾದರೆ ಇಬ್ಬರೂ ಮತ್ತೆ ಕೂರುತ್ತೇವೆ. ಇಷ್ಟೆಲ್ಲ ಜನ ಇರುವಾಗ ನನ್ನನ್ನು ಕೂರಿಸುವ ಅಗತ್ಯವೇ ಇರಲಿಲ್ಲ. ಪ್ರಶಸ್ತಿಗೆ ಅರ್ಜಿ ಹಾಕುವ ಗಡುವು ವಾಚನಾಲಯದ ಬಾಗಿಲು ತೆರೆದ ಮೇಲೆ ಬಂದಿದ್ದರೆ ನೀನು ಯಾವ ಸುಳ್ಳೂ ಹೇಳಬೇಕಾಗಿರಲಿಲ್ಲ.

ಕಳೆದ ವಾರ ಒಬ್ಬಾಕೆ ಬಂದರು. ಹೊರದೇಶದ ಪತ್ರಕರ್ತೆ, ಜೊತೆಯಲ್ಲಿ ನಮ್ಮ ಮಾತು ಬಲ್ಲ ಒಬ್ಬ ದುಭಾಷಿ. ಸಮಾರಂಭದಲ್ಲಿ ನಿನ್ನ ಮಾತು ಕೇಳಿ, ಆ ಹಿರಿಯರನ್ನು ಹುಡುಕಿಕೊಂಡೇ ಬಂದಿದ್ದರಂತೆ. ಬಾಗಿಲಲ್ಲಿ ನಿಂತು ನೋಡುತ್ತಾರೆ, ಅದೇ ಬೆಂಚು, ಅದೇ ಕೋಟು, ಕೈಯಲ್ಲಿ ಅದೇ ಪುಸ್ತಕ! ಆಕೆಗೆ ಕಣ್ಣಲ್ಲಿ ನೀರೇ ಬಂತು. ದಿನಾ ಬರುತ್ತೀರಾ ಎಂದು ಕೇಳಿದರು. ದಿನಾ ಬರ್ತೀನಿ ಎಂದೆ. ಅಷ್ಟು ಹೊತ್ತಿಗೆ ಅದು ನಿಜವೇ ಆಗಿತ್ತು. ಇದನ್ನು ಯಾರು ಕಟ್ಟಿದ್ದು ಗೊತ್ತೇ ಎಂದರು. ಅಲ್ಲಿಗೆ ನಿಲ್ಲಿಸಿ ತಲೆ ಆಡಿಸಿದ್ದರೆ ಸಾಕಿತ್ತು. "ಯಾರೋ ಗಂಡ ಹೆಂಡತಿ ಕಟ್ಟಿದ್ರಂತೆ, ನನಗೆ ಪರಿಚಯ ಇಲ್ಲ, ಒಂದು ಸಲವೂ ನೋಡಿಲ್ಲ, ನೋಡಿದ್ರೂ ಗುರುತು ಸಿಗಲ್ಲ" ಎಂದೆ. ಇಷ್ಟು ವಿವರಿಸುವವನ ಹತ್ತಿರ ಟಿಕೆಟ್ ಇರುವುದಿಲ್ಲ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು! ಮಕ್ಕಳಿದ್ದಾರೆಯೇ ಎಂದು ಕೇಳಿದರು. ಒಬ್ಬ ಮಗ ಎಂದೆ. ಏನು ಕೆಲಸ ಎಂದರು. ಬಾಯಿಗೆ ಬಂದದ್ದು "ಬಸ್ ಕಂಡಕ್ಟರ್" ಎಂಬ ಮಾತು. ನಿನ್ನ ಅಷ್ಟು ವರ್ಷದ ಓದನ್ನು ಒಂದೇ ಉಸಿರಿಗೆ ನನ್ನ ಬಸ್ಸಿಗೆ ಹತ್ತಿಸಿಬಿಟ್ಟೆ. ಆಕೆ ಅದನ್ನೂ ಬರೆದುಕೊಂಡು, ನನ್ನ ಎರಡೂ ಕೈ ಹಿಡಿದುಕೊಂಡು, ನಿಮ್ಮ ಮಗ ಪುಣ್ಯವಂತ ಎಂದರು. ಮೇಲ್ವಿಚಾರಕಿ ಅಲ್ಲೇ ಕಪಾಟಿನ ಹತ್ತಿರ ನಿಂತಿದ್ದರು. ಎಲ್ಲವನ್ನೂ ಕೇಳಿಸಿಕೊಂಡರು.

ಪತ್ರಕರ್ತೆ ಹೋದ ಮೇಲೆ ಆಕೆ ನನ್ನ ಹತ್ತಿರ ಬಂದು, "ನಿಮ್ಮ ಮಗ ಬಂದಾಗ ಈ ಬೆಂಚಿಗೆ ಕೈ ಹಾಕ್ಸೋಕೆ ಹೇಳಿ" ಎಂದು ಮೆಲ್ಲಗೆ ಹೇಳಿ ಹೋದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಹಾಗೆ ಹೇಳಿದ್ದಕ್ಕೆ ನನಗೆ ಮುಖ ಎತ್ತಲಾಗಲಿಲ್ಲ. ಅಂದಿನಿಂದ ನಾನು ವಾಚನಾಲಯದ ಕಡೆ ತಲೆ ಹಾಕಿಲ್ಲ. ಮಂಡಿ ನೋವು ಎಂದು ಅಮ್ಮನಿಗೆ ಸುಳ್ಳು ಹೇಳಿದ್ದೇನೆ. ಅವಳು ನಂಬಿಲ್ಲ, ಆದರೆ ಎಣ್ಣೆ ಹಚ್ಚುತ್ತಿದ್ದಾಳೆ. ನಿನ್ನ ಮೇಲೆ ಕೋಪ ಮಾಡಿಕೊಂಡು ಒಂದಿಷ್ಟು ದಿನ ಮುಖ ಊದಿಸಿಕೊಂಡಿದ್ದೆ ನೋಡು, ಆ ಕೋಪವೂ ಈಗ ಕೈ ಬಿಟ್ಟಿತು. ನೀನು ದೂರದಲ್ಲಿ, ನನ್ನ ಮುಖ ಕಾಣದ ಕಡೆ ನಿಂತು ಅಪ್ಪ ಯಾರೋ ಗೊತ್ತಿಲ್ಲ ಎಂದೆ. ನಾನು ನೀನು ಕಟ್ಟಿದ ಗೋಡೆಗೇ ಬೆನ್ನು ಕೊಟ್ಟು ಕೂತು ಮಗ ಯಾರೋ ಗೊತ್ತಿಲ್ಲ ಎಂದೆ. ನನಗೆ ಬಹಳ ನಾಚಿಕೆಯಾಗಿದೆ ಪುಟ್ಟಾ. ನೀನು ಶಾಲೆಗೆ ಹೋಗುವಾಗ ನನ್ನ ಬಸ್ಸಿನ ಮುಂದಿನ ಸೀಟಿನಲ್ಲಿ ಕೂತು, ಹತ್ತಿದವರಿಗೆಲ್ಲ "ಇದು ನಮ್ಮಪ್ಪನ ಬಸ್ಸು" ಎಂದು ಹೇಳುತ್ತಿದ್ದೆ. ಡ್ರೈವರ್ ಮೊನ್ನೆಮೊನ್ನೆಯವರೆಗೂ ಅದನ್ನು ಹೇಳಿ ನಗುತ್ತಿದ್ದ, ನನ್ನ ಬಸ್ಸನ್ನ ನಿನ್ನ ಹೆಸರಿಗೆ ಬರೆದುಕೊಟ್ಟ ನಿನ್ನ ಮಗ ಎಂದು. ಆ ಸಂಜೆಯ ನಂತರ ಹೇಳಿಲ್ಲ.

ಸರಿ, ಕಾಗದ ಉದ್ದವಾಯಿತು, ಕೆಳಗೆ ಅಮ್ಮನ ದನಿ ಕೇಳಿಸುತ್ತಿದೆ. ನೀನು ಇದನ್ನು ಓದಿ ಅಲ್ಲಿ ಎಲ್ಲರ ಮುಂದೆ ಮುಖ ಸಣ್ಣ ಮಾಡಿಕೊಂಡು ಓಡಾಡಬೇಡ. ಬಂದ ಮನ್ನಣೆ ನಿಮ್ಮಿಬ್ಬರ ದುಡಿಮೆಯದು, ಅದರಲ್ಲಿ ಸುಳ್ಳಿಲ್ಲ. ಸೊಸೆಗೆ ಹೇಳು, ಅವಳು ಚಪ್ಪಲಿ ನೋಡಿದ್ದನ್ನು ನಾನು ನೋಡಿದೆ ಎಂದು, ಅಷ್ಟು ಹೇಳಿದರೆ ಅವಳಿಗೆ ತಿಳಿಯುತ್ತದೆ. ಹೊತ್ತಿಗೆ ಸರಿಯಾಗಿ ಊಟ ಮಾಡಿ. ಇಬ್ಬರೂ ನೂರು ಕಾಲ ಒಟ್ಟಿಗೆ ಕೂತು ಜಗಳವಾಡುತ್ತಾ ಒಳ್ಳೊಳ್ಳೆಯ ಮನೆಗಳನ್ನು ಕಟ್ಟಿ, ಕಟ್ಟಿದ ಕಡೆಯೆಲ್ಲ ಜನ ಸುಖವಾಗಿ ಕೂರಲಿ, ಸುಲಭವಾಗಿ ಏಳಲಿ ಎಂದು ಹರಸುವ,

ನಿನ್ನ ಅಪ್ಪ

ಇನ್ನೊಂದು ಮಾತು, ಪೆಟ್ಟಿಗೆ ಮುಚ್ಚುವ ಮೊದಲು ಅವಸರದಲ್ಲಿ ಬರೆಯುತ್ತಿದ್ದೇನೆ. ಈಗಷ್ಟೇ ಮೇಲ್ವಿಚಾರಕಿ ಮನೆ ಬಾಗಿಲಿಗೇ ಬಂದು ಹೇಳಿ ಹೋದರು. ನೀನು ಊರಿಗೆ ಬಂದ ಮಾರನೆಯ ಬೆಳಿಗ್ಗೆ ಆ ಪತ್ರಕರ್ತೆ ಸಿನಿಮಾ ಕ್ಯಾಮೆರಾ ತರುತ್ತಾರಂತೆ. ಕಟ್ಟಿದವರನ್ನೂ ಅಲ್ಲಿ ದಿನಾ ಕೂರುವವರನ್ನೂ ಮೊದಲ ಬಾರಿಗೆ ಭೇಟಿ ಮಾಡಿಸಿ, ಒಂದೇ ಬೆಂಚಿನ ಮೇಲೆ ಕೂರಿಸಬೇಕಂತೆ. ನೀನೂ ಒಪ್ಪಿದ್ದೀಯಂತೆ. ನಾನು ಕೋಟು ಹಾಕಿಕೊಂಡು ಬಂದು ಕೂತಿರುತ್ತೇನೆ, ಆ ಯೋಚನೆ ಬೇಡ. ನೀನು ಬಾಗಿಲಲ್ಲಿ ಕಾಣಿಸಿಕೊಂಡಾಗ ಎದ್ದು ನಿಂತು "ನಮಸ್ಕಾರ ಸಾರ್" ಎನ್ನಲೋ, ಕೂತಲ್ಲಿಂದಲೇ "ಬಂದ್ಯಾ ಪುಟ್ಟಾ" ಎನ್ನಲೋ? ಮೊದಲೇ ಒಂದು ಮಾತು ತಿಳಿಸಿಬಿಡು. ಎರಡೂ ನನ್ನಿಂದ ಆಗುತ್ತದೆ. ಆದರೆ ಅಮ್ಮನೂ ಜೊತೆಗೆ ಬರುತ್ತೇನೆಂದು ಸೀರೆ ತೆಗೆದಿಟ್ಟಿದ್ದಾಳೆ, ಅವಳಿಗೆ ಒಂದೇ ಬರುವುದು.